ಡೆಲ್, ಎಚ್‌ಪಿಇ, ಲೆನೊವೊ: ಸರ್ವರ್ ಒಳಗಿನ ಟೆಸ್ಟ್‌ಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ಮುಂಬಯಿಯ ಸಣ್ಣ ಆಫೀಸುಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಫೋರ್ಟ್‌ನಲ್ಲಿ ಒಂದು ಸಿಎ ಆಫೀಸು, ಡೊಂಬಿವಲಿಯಲ್ಲಿ ಒಂದು ಕ್ರೆಡಿಟ್ ಸೊಸೈಟಿ, ಅಂಧೇರಿಯಲ್ಲಿ ನಮ್ಮ ಕರಾವಳಿಯವರ ಹೋಟೆಲುಗಳ ಲೆಕ್ಕ ನೋಡುವ ಆಫೀಸು, ಇಂಥವು. ಹೆಚ್ಚಿನ ಕಡೆ ಇರುವುದು ಒಂದೇ ಸರ್ವರ್. ಅದು ನಿಂತರೆ ಟ್ಯಾಲಿ ನಿಂತಿತು, ಬಿಲ್ಲಿಂಗ್ ನಿಂತಿತು. ಹಾಗಾಗಿ ಸರ್ವರ್ ತಾನಾಗಿ ರೀಸ್ಟಾರ್ಟ್ ಆಗತೊಡಗಿದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಪಾರ್ಟ್ ಹೋಗಿದೆ?

ಅದನ್ನು ಹುಡುಕಲು ದೊಡ್ಡ ಕಂಪನಿಗಳು ಸರ್ವರ್ ಒಳಗೇ ಟೆಸ್ಟ್ ಇಟ್ಟಿರುತ್ತವೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಬೇಕಿಲ್ಲ. ಆನ್ ಆಗುವಾಗ ಸರಿಯಾದ ಕೀ ಒತ್ತಿದರೆ ಸಾಕು. ಡೆಲ್, ಎಚ್‌ಪಿಇ, ಲೆನೊವೊ ಮೂರನ್ನೂ ನಾನು ಬಳಸುತ್ತಾ ಬಂದಿದ್ದೇನೆ. ಜೊತೆಗೆ ರ್ಯಾಮ್ ಟೆಸ್ಟ್ ಮಾಡುವ ಪ್ರೋಗ್ರಾಂ ಮೆಮ್‌ಟೆಸ್ಟ್86+ ಹಾಕಿದ ಪೆನ್‌ಡ್ರೈವ್ ಸದಾ ಬ್ಯಾಗಿನಲ್ಲಿರುತ್ತದೆ. ಈ ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡೋಣ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟೆಸ್ಟ್ ‘ಫೇಲ್’ ಅಂದರೆ ನಂಬಿ. ‘ಪಾಸ್’ ಅಂದರೆ ಅಷ್ಟಕ್ಕೇ ಬಿಡಬೇಡಿ, ಲಾಗ್ ಓದಿ, ಅಂದರೆ ಏನೇನಾಯಿತು ಅಂತ ಸರ್ವರ್ ತಾನೇ ಬರೆದಿಡುವ ದಾಖಲೆ. ಲಾಗನ್ನು ಬೇಗ ಕಣ್ಣಿಗೆ ತೋರಿಸುವ ಟೆಸ್ಟೇ ನನಗೆ ಒಳ್ಳೆಯ ಟೆಸ್ಟ್.

ಡೆಲ್ ಪವರ್‌ಎಡ್ಜ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಕಲಿಯಲು ಇದೇ ಸುಲಭ. ಆನ್ ಆಗುವಾಗ ಎಫ್10 ಒತ್ತಿದರೆ ಲೈಫ್‌ಸೈಕಲ್ ಕಂಟ್ರೋಲರ್ ತೆರೆಯುತ್ತದೆ. ಅಲ್ಲಿ ಹಾರ್ಡ್‌ವೇರ್ ಡಯಾಗ್ನೋಸ್ಟಿಕ್ಸ್ ಅಂತ ಇದೆ. ಎಫ್11 ಒತ್ತಿ ಬೂಟ್ ಮ್ಯಾನೇಜರ್‌ನಿಂದಲೂ ಅಲ್ಲಿಗೆ ಹೋಗಬಹುದು. ಈ ಟೆಸ್ಟ್‌ಗೆ ಇಪಿಎಸ್ಎ ಅಂತ ಹೆಸರು. ತೆರೆದ ಕೂಡಲೇ ಅದು ಕೇಳದೆ ಕೆಲಸ ಶುರು ಮಾಡುತ್ತದೆ. ಪ್ರೊಸೆಸರ್, ರ್ಯಾಮ್, ಫ್ಯಾನ್ ಅಂತ ಸಾಲಾಗಿ ಮುಗಿಸುತ್ತಾ ಹೋಗುತ್ತದೆ. ಆಮೇಲೆ ಉಳಿದ ಮೆಮೊರಿ ಟೆಸ್ಟ್‌ಗಳನ್ನೂ ಮಾಡಲಾ ಅಂತ ಕೇಳುತ್ತದೆ. ಅದಕ್ಕೆ ಅರ್ಧ ಗಂಟೆ ಅಥವಾ ಇನ್ನೂ ಜಾಸ್ತಿ ಬೇಕು. ರ್ಯಾಮ್ ಹೆಚ್ಚಿದ್ದಷ್ಟೂ ಸಮಯ ಹೆಚ್ಚು. ಇಲ್ಲಿ ದಯವಿಟ್ಟು ‘ಬೇಡ’ ಅನ್ನಬೇಡಿ. ಕ್ವಿಕ್ ಟೆಸ್ಟ್ ಪೂರ್ತಿ ಸತ್ತ ಪಾರ್ಟನ್ನು ಮಾತ್ರ ಹಿಡಿಯುತ್ತದೆ. ಅರ್ಧಂಬರ್ಧ ಕೆಟ್ಟದ್ದು ಸಿಗುವುದು ಆ ಉಳಿದ ಟೆಸ್ಟ್‌ನಲ್ಲಿ.

ಡೆಲ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಎರರ್ ಕೋಡ್. ಮೆಮೊರಿ ಟೆಸ್ಟ್ ಫೇಲ್ ಆದರೆ 2000-0123, ಡಿಸ್ಕ್‌ನ ಸೆಲ್ಫ್ ಟೆಸ್ಟ್ ಫೇಲ್ ಆದರೆ 2000-0142, ಹೀಗೆ ಬರುತ್ತದೆ. ಪಕ್ಕದಲ್ಲೇ ಸರ್ವಿಸ್ ಟ್ಯಾಗ್, ಅಂದರೆ ಆ ಯಂತ್ರದ ಗುರುತಿನ ಕೋಡ್, ಇರುತ್ತದೆ. ಎರಡನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದು ಕಳಿಸಿದರೆ ವಾರಂಟಿ ಇರುವ ಯಂತ್ರಕ್ಕೆ ಮಾತು ಬೇಗ ಮುಗಿಯುತ್ತದೆ. ರ್ಯಾಮ್ ಕೂರಿಸುವ ಸ್ಲಾಟ್‌ಗಳ ಹೆಸರೂ ಸ್ಪಷ್ಟ: ಎ1, ಎ2 ಅಂದರೆ ಮೊದಲ ಪ್ರೊಸೆಸರ್ ಕಡೆಯದು, ಬಿ1, ಬಿ2 ಅಂದರೆ ಎರಡನೆಯದರ ಕಡೆಯದು. ಅದೇ ಸ್ಕ್ರೀನ್‌ನಲ್ಲಿ ಇನ್ನೊಂದು ಟ್ಯಾಬ್ ತೆರೆದರೆ ಫ್ಯಾನ್ ವೇಗ, ಟೆಂಪರೇಚರ್ ಕಾಣುತ್ತವೆ, ಮತ್ತೊಂದರಲ್ಲಿ ಈವೆಂಟ್ ಲಾಗ್.

ದೂರದಿಂದ ಮಾಡಲೂ ದಾರಿ ಇದೆ. ಡೆಲ್ ಸರ್ವರನ್ನು ದೂರದಿಂದ ನೋಡಿಕೊಳ್ಳಲು ಒಳಗೇ ಇರುವ ಐಡ್ರ್ಯಾಕ್‌ಗೆ ನೆಟ್‌ವರ್ಕ್ ಕೊಟ್ಟಿದ್ದರೆ ರ್ಯಾಕ್‌ಆಡ್ಮ್ ಕಮಾಂಡ್‌ನಿಂದ ಎಕ್ಸ್‌ಪ್ರೆಸ್, ಎಕ್ಸ್‌ಟೆಂಡೆಡ್ ಅಥವಾ ಎರಡನ್ನೂ ಓಡಿಸಿ, ಫಲಿತಾಂಶವನ್ನು ಫೈಲ್ ಆಗಿ ತೆಗೆದುಕೊಳ್ಳಬಹುದು. ಮುಂಬಯಿಯಲ್ಲಿ ಇದು ಸಣ್ಣ ಸೌಲಭ್ಯವಲ್ಲ. ಫೋರ್ಟ್‌ನ ಹಳೇ ಬಿಲ್ಡಿಂಗ್‌ನಲ್ಲಿ ಆಫೀಸು ಮುಚ್ಚಿದ ಮೇಲೆ ಸರ್ವರ್ ಕೈಗೆ ಸಿಗುತ್ತದೆ. ವಾಚ್‌ಮನ್ ಗೇಟ್ ಹಾಕಲು ಕಾಯುತ್ತಾನೆ. ಸಿಎಸ್‌ಎಂಟಿಯಿಂದ ಕೊನೆಯ ಲೋಕಲ್ ಹಿಡಿಯಬೇಕು. ಇಷ್ಟರ ನಡುವೆ ಮೂರು ಗಂಟೆಯ ಟೆಸ್ಟ್ ಎದುರು ಕೂರುವುದು ಆಗದ ಮಾತು. ಟೆಸ್ಟ್ ಹಚ್ಚಿ ಮನೆಗೆ ಹೋಗಿ, ಬೆಳಗ್ಗೆ ಅಲ್ಲಿಂದಲೇ ಫಲಿತಾಂಶ ನೋಡಬಹುದಾದರೆ ದೊಡ್ಡ ಉಪಕಾರ. ಒಂದು ವಿಷಯ ನೆನಪಿರಲಿ: ಸ್ಕ್ರೀನನ್ನೇ ದೂರದಿಂದ ನೋಡುವ ವರ್ಚುವಲ್ ಕನ್ಸೋಲ್‌ಗೆ ರ್ಯಾಕ್ ಸರ್ವರ್‌ಗಳಲ್ಲಿ ಎಂಟರ್‌ಪ್ರೈಸ್ ಲೈಸೆನ್ಸ್ ಬೇಕು.

ಎಚ್‌ಪಿಇ ಪ್ರೊಲೈಯಂಟ್‌ನಲ್ಲಿ ದಾರಿ ಬೇರೆ. ಹತ್ತನೇ ತಲೆಮಾರಿನ ಜೆನ್10ರಲ್ಲಿ ಎಫ್9 ಒತ್ತಿ ಸಿಸ್ಟಮ್ ಯುಟಿಲಿಟೀಸ್‌ಗೆ ಹೋಗಿ, ಎಂಬೆಡೆಡ್ ಅಪ್ಲಿಕೇಶನ್ಸ್ ತೆರೆದರೆ ಎಂಬೆಡೆಡ್ ಡಯಾಗ್ನೋಸ್ಟಿಕ್ಸ್ ಸಿಗುತ್ತದೆ. ಹಳೇ ಜೆನ್8ರಲ್ಲಿ ಎಫ್10 ಒತ್ತಿ ಇಂಟೆಲಿಜೆಂಟ್ ಪ್ರೊವಿಷನಿಂಗ್ ಮೂಲಕ ಇನ್‌ಸೈಟ್ ಡಯಾಗ್ನೋಸ್ಟಿಕ್ಸ್‌ಗೆ ಹೋಗಬೇಕು. ಮೊದಲ ಸಲ ಮೆನುವಿನೊಳಗೆ ಸ್ವಲ್ಪ ಹುಡುಕಾಟ ಆಗುತ್ತದೆ. ಬೇಗ ಮುಗಿಯುವ ಟೆಸ್ಟ್, ವಿವರವಾದ ಟೆಸ್ಟ್, ಬೇಕಾದ ಪಾರ್ಟಿಗೆ ಮಾತ್ರ ಟೆಸ್ಟ್ ಅಂತ ಬೇರೆ ಬೇರೆ ಇವೆ. ಒಂದೇ ಪಾರ್ಟಿನ ಮೇಲೆ ಅನುಮಾನ ಇದ್ದಾಗ ಕೊನೆಯದು ಸಮಯ ಉಳಿಸುತ್ತದೆ.

ಆದರೆ ಎಚ್‌ಪಿಇ ನನಗೆ ಹಿಡಿಸುವುದು ಟೆಸ್ಟ್‌ನಿಂದಲ್ಲ. ಅದೇ ಮೆನುವಿನಲ್ಲಿ ಇಂಟಿಗ್ರೇಟೆಡ್ ಮ್ಯಾನೇಜ್‌ಮೆಂಟ್ ಲಾಗ್ ಇದೆ, ನಾವು ಐಎಂಎಲ್ ಅನ್ನುತ್ತೇವೆ. ಆಕ್ಟಿವ್ ಹೆಲ್ತ್ ಸಿಸ್ಟಮ್ ಲಾಗೂ ಇದೆ. ಈ ಎರಡನೆಯದು ಸರ್ವರ್ ಓಡುತ್ತಿರುವಾಗಲೇ ಹಾರ್ಡ್‌ವೇರ್‌ನ ಸ್ಥಿತಿ, ಬದಲಾವಣೆ ಎಲ್ಲವನ್ನೂ ಬರೆದಿಡುತ್ತಾ ಹೋಗುತ್ತದೆ. ಡೆಲ್‌ನ ಐಡ್ರ್ಯಾಕ್‌ನಂತೆಯೇ ಎಚ್‌ಪಿಇಯಲ್ಲಿರುವ ಐಎಲ್‌ಒ ಮೂಲಕ ಬೇಕಾದ ತಾರೀಕುಗಳದ್ದನ್ನು ಇಳಿಸಿಕೊಳ್ಳಬಹುದು. ಸರ್ವರ್ ಬಂದ್ ಮಾಡಬೇಕಿಲ್ಲ. ಹಗಲು ಹೊತ್ತು ಸರ್ವರ್ ನಿಲ್ಲಿಸಲು ಯಾರೂ ಒಪ್ಪದ ಆಫೀಸಿನಲ್ಲಿ ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆ ನನಗೆ ಗೊತ್ತಿಲ್ಲ.

ಲೆನೊವೊ ಥಿಂಕ್‌ಸಿಸ್ಟಮ್ ಬಗ್ಗೆ ಹೇಳುವುದು ಕಡಿಮೆ. ಎಫ್1 ಒತ್ತಿದರೆ ಎಕ್ಸ್‌ಕ್ಲಾರಿಟಿ ಪ್ರೊವಿಷನಿಂಗ್ ಮ್ಯಾನೇಜರ್ ಬರುತ್ತದೆ, ಚೆಂದದ ಸ್ಕ್ರೀನ್, ಮೌಸ್ ಓಡುತ್ತದೆ. ಡಯಾಗ್ನೋಸ್ಟಿಕ್ಸ್‌ನಲ್ಲಿ ಮುಖ್ಯವಾಗಿ ಮೆಮೊರಿ ಟೆಸ್ಟ್ ಮತ್ತು ಡಿಸ್ಕ್ ಟೆಸ್ಟ್ ಇವೆ. ಉಳಿದದ್ದಕ್ಕೆ ಎಕ್ಸ್‌ಸಿಸಿಯ (ಲೆನೊವೊದ ಐಡ್ರ್ಯಾಕ್ ಅನ್ನಿ) ಈವೆಂಟ್ ಲಾಗ್ ನೋಡಬೇಕು. ಐಬಿಎಂ ತನ್ನ ಸಿಸ್ಟಮ್ ಎಕ್ಸ್ ಸರ್ವರ್ ವ್ಯವಹಾರವನ್ನು 2014ರಲ್ಲಿ ಲೆನೊವೊಗೆ ಕೊಟ್ಟಿತು. ಆ ಕಾಲದ ಐಬಿಎಂ ಯಂತ್ರಗಳು ಈಗಲೂ ಅಲ್ಲಲ್ಲಿ ಓಡುತ್ತಿವೆ. ಅವುಗಳಲ್ಲಿ ಎಫ್2 ಒತ್ತಬೇಕು. ಜೊತೆಗೆ ಲೈಟ್‌ಪಾತ್ ಅನ್ನುವ ಪುಟ್ಟ ದೀಪಗಳ ಫಲಕ ಇದೆ. ಕೆಟ್ಟದ್ದು ಯಾವುದು ಅಂತ ದೀಪವೇ ತೋರಿಸುತ್ತದೆ. ಆ ಏರ್ಪಾಡು ನನಗೆ ಈಗಲೂ ಬಹಳ ಇಷ್ಟ.

ಈಗ ಪಾಸ್‌ನ ವಿಷಯಕ್ಕೆ ಬರೋಣ. ಅಂಧೇರಿಯ ಆ ಹೋಟೆಲು ಲೆಕ್ಕದ ಆಫೀಸಿನಲ್ಲಿ ಸರ್ವರ್ ಆಗಾಗ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ಒಳಗಿನ ಟೆಸ್ಟ್ ಮಾಡಿಸಿದರೆ ಎಲ್ಲಕ್ಕೂ ಹಸಿರು ಟಿಕ್. ಮಾಲೀಕರು ಕೇಳಿದರು: "ಏನು ಮಾರಾಯ್ರೇ, ಎಲ್ಲ ಪಾಸ್ ಅಂತ ಬರ್ತದೆ, ಮತ್ತೆ ಯಾಕೆ ಬಂದ್ ಬೀಳ್ತದೆ?" ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಸರ್ವರ್‌ನ ರ್ಯಾಮ್‌ನಲ್ಲೇ ಇದೆ.

ಸರ್ವರ್‌ಗೆ ಹಾಕುವುದು ಇಸಿಸಿ ರ್ಯಾಮ್, ಅಂದರೆ ತಪ್ಪು ತಿದ್ದುವ ರ್ಯಾಮ್. ಡೇಟಾ ಜೊತೆಗೆ ಕೆಲವು ಬಿಟ್ ಹೆಚ್ಚುವರಿ ಇಟ್ಟುಕೊಂಡು, ಒಂದು ಬಿಟ್ ತಪ್ಪಿದರೆ ಅದು ಅಲ್ಲೇ ತಿದ್ದುತ್ತದೆ. ತಿದ್ದಿದ ಮೇಲೆಯೇ ಡೇಟಾ ಮುಂದೆ ಹೋಗುವುದು. ಟೆಸ್ಟ್ ಪ್ರೋಗ್ರಾಂ ಮಾಡುವುದೇನು? ಒಂದು ಮಾದರಿ ಬರೆಯುತ್ತದೆ, ಓದುತ್ತದೆ, ಎರಡೂ ಒಂದೇ ಇದೆಯಾ ಅಂತ ನೋಡುತ್ತದೆ. ನಡುವೆ ತಪ್ಪು ತಿದ್ದಿ ಬಂದಿದ್ದರೆ ಅದಕ್ಕೆ ಗೊತ್ತಾಗುವುದೇ ಇಲ್ಲ, ಇಸಿಸಿಯ ಲೆಕ್ಕವನ್ನೂ ಬೇರೆಯಾಗಿ ಓದಿದರೆ ಮಾತ್ರ ಗೊತ್ತಾಗುತ್ತದೆ. ರ್ಯಾಮ್ ಸ್ಟಿಕ್ ದಿನದಿನಕ್ಕೆ ಕೆಡುತ್ತಿದ್ದರೂ ಪಾಸ್. ಒಂದು ದಿನ ಒಟ್ಟಿಗೆ ಎರಡು ಬಿಟ್ ತಪ್ಪುತ್ತವೆ. ಸಾಮಾನ್ಯ ಇಸಿಸಿ ಅದನ್ನು ಕಂಡುಹಿಡಿಯುತ್ತದೆ, ತಿದ್ದಲಾರದು. ಆಗ ಸರ್ವರ್ ನಿಲ್ಲುತ್ತದೆ.

ಡಿಡಿಆರ್4 ತಲೆಮಾರಿನ ರ್ಯಾಮ್ ಬಂದ ಮೇಲೆ ಇನ್ನೊಂದು ಸೇರಿದೆ. ಚಿಪ್ ಒಳಗೇ ಹೆಚ್ಚುವರಿ ಸಾಲುಗಳಿರುತ್ತವೆ. ಕೆಟ್ಟ ಸಾಲಿನ ಬದಲು ಅವನ್ನು ಜೋಡಿಸುವ ವಿಧಾನಕ್ಕೆ ಪೋಸ್ಟ್ ಪ್ಯಾಕೇಜ್ ರಿಪೇರ್ ಅಂತ ಹೆಸರು. ಡೆಲ್‌ನ ಈಚಿನ ತಲೆಮಾರುಗಳಲ್ಲಿ ಎರರ್ ಬಂದರೆ ಮುಂದಿನ ರೀಬೂಟ್‌ನಲ್ಲಿ ಬಯೋಸ್ ಇದನ್ನು ಮಾಡಬಲ್ಲದು. ಅಂದರೆ ಟೆಸ್ಟ್‌ಗಾಗಿ ನೀವು ರೀಬೂಟ್ ಮಾಡುವ ಹೊತ್ತಿಗೇ ರಿಪೇರಿ ಆಗಿರಬಹುದು. ಟೆಸ್ಟ್ ಪಾಸ್ ಆಗುವುದು ಸಹಜ ತಾನೇ?

ಲಾಗ್ ಮೊದಲು ಅಂತ ನಾನು ಹೇಳುವುದು ಇದಕ್ಕೇ. ಅಂಧೇರಿಯ ಯಂತ್ರದ ಲಾಗ್ ತೆರೆದಾಗ ಒಂದೇ ಸ್ಲಾಟ್‌ನ ಹೆಸರಿನಲ್ಲಿ ಕರೆಕ್ಟಬಲ್ ಎರರ್, ಅಂದರೆ ಇಸಿಸಿ ತಿದ್ದಿದ ತಪ್ಪು, ಸಾಲುಸಾಲಾಗಿತ್ತು. ಆ ಸ್ಟಿಕ್ ತೆಗೆದು ಬೇರೆ ಸ್ಲಾಟ್‌ಗೆ ಹಾಕಿದೆ. ಎರರ್ ಸ್ಟಿಕ್ ಜೊತೆಗೇ ಹೋಯಿತು. ಹಾಗಾದರೆ ಸ್ಟಿಕ್ ಕೆಟ್ಟಿದೆ. ಎರರ್ ಹಳೇ ಸ್ಲಾಟ್‌ನಲ್ಲೇ ಉಳಿದಿದ್ದರೆ ಬೋರ್ಡ್ ಅಥವಾ ಪ್ರೊಸೆಸರ್ ಸಾಕೆಟ್‌ನ ಪಿನ್ ನೋಡಬೇಕಿತ್ತು. ಮುಂಬಯಿಯಲ್ಲಿ ಮೂರನೆಯ ಸಾಧ್ಯತೆಯೂ ಇದೆ. ಮಳೆಗಾಲದ ತೇವ, ಸಮುದ್ರದ ಉಪ್ಪುಗಾಳಿ, ಖಾಡಿ (ಸಮುದ್ರದ ಹಿನ್ನೀರು) ಹತ್ತಿರದ ಗಂಧಕದ ವಾಸನೆ ಇವು ಬೆಳ್ಳಿ, ತಾಮ್ರವನ್ನು ಕಪ್ಪಾಗಿಸುತ್ತವೆ. ಕಾಂಟ್ಯಾಕ್ಟ್ ಸಡಿಲ ಆಗಿದ್ದರೆ ಸುಮ್ನೆ ತೆಗೆದು ಮತ್ತೆ ಕೂರಿಸಿದರೂ ಎರರ್ ಹೋಗಬಹುದು. ಹಾಗೆ ಹೋದರೆ ಕೆಲವು ವಾರ ಲಾಗ್ ಮೇಲೆ ಕಣ್ಣಿಡಿ.

ಮೆಮ್‌ಟೆಸ್ಟ್86+ ಇಲ್ಲಿ ಎಲ್ಲಿ ಬರುತ್ತದೆ? ಇದು ಉಚಿತ, ಯಾವ ಕಂಪನಿಯ ಯಂತ್ರಕ್ಕೂ ಆಗುತ್ತದೆ, ನಿಲ್ಲಿಸುವ ತನಕ ಸುತ್ತು ಹೊಡೆಯುತ್ತಲೇ ಇರುತ್ತದೆ. 2022ರಲ್ಲಿ 6.00 ಆವೃತ್ತಿ ಬಂದಾಗಿನಿಂದ ಹೊಸ ಯಂತ್ರಗಳು ಆನ್ ಆಗುವ ವಿಧಾನವಾದ ಯುಇಎಫ್ಐ ಬೂಟ್‌ನಲ್ಲೂ ಓಡುತ್ತದೆ. ಮೊದಲು ಬಯೋಸ್ ಮೋಡ್ ಬದಲಿಸಬೇಕಿತ್ತು. ರ್ಯಾಮ್‌ಗೆ ಶ್ರಮ ಕೊಡುವುದರಲ್ಲಿ ಇದು ಕಂಪನಿಗಳ ಕ್ವಿಕ್ ಟೆಸ್ಟ್‌ಗಿಂತ ಎಷ್ಟೋ ಮುಂದೆ. ಶನಿವಾರ ರಾತ್ರಿ ಹಚ್ಚಿ ಸೋಮವಾರ ಬೆಳಗ್ಗೆ ನೋಡುವುದಕ್ಕೆ ಇದೇ ಸರಿ. ಎರಡು ಕೊರತೆ ಇವೆ. ಇಸಿಸಿಯ ಲೆಕ್ಕವನ್ನು ಎಲ್ಲ ಪ್ರೊಸೆಸರ್‌ಗಳಲ್ಲೂ ಓದಲಾರದು. ತಪ್ಪು ಸಿಕ್ಕಿದಾಗ ಕೊಡುವುದು ಮೆಮೊರಿ ಅಡ್ರೆಸ್, ಸ್ಲಾಟ್ ಹೆಸರಲ್ಲ. 16 ಸ್ಟಿಕ್ ಇರುವ ಸರ್ವರ್‌ನಲ್ಲಿ ಅಡ್ರೆಸ್ ಹಿಡಿದುಕೊಂಡು ಸ್ಟಿಕ್ ಹುಡುಕುವುದು ಕಷ್ಟದ ಕೆಲಸ. ಅಲ್ಲಿ ಕಂಪನಿಯ ಟೆಸ್ಟೇ ಗೆಲ್ಲುತ್ತದೆ.

ಡಿಸ್ಕ್ ವಿಷಯದಲ್ಲಿ ಒಳಗಿನ ಟೆಸ್ಟ್‌ಗಳ ಮೇಲೆ ನಾನು ಜಾಸ್ತಿ ಭಾರ ಹಾಕುವುದಿಲ್ಲ. ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ರೇಡ್ ಕಾರ್ಡ್ ಹಿಂದೆ ನಿಜವಾದ ಡಿಸ್ಕ್‌ಗಳು ಅಡಗಿರುತ್ತವೆ. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್ ಅನ್ನುವ ಕಮಾಂಡ್ ಬಳಸಿ ಕಾರ್ಡ್ ಹಿಂದಿನ ಡಿಸ್ಕನ್ನು ನೇರ ಕೇಳುವುದು ಉತ್ತಮ. ಡೆಲ್‌ನ ಪರ್ಕ್ ಕಾರ್ಡ್‌ಗೆ ಮೆಗಾರೇಡ್ ಆಯ್ಕೆ, ಎಚ್‌ಪಿಯ ಸ್ಮಾರ್ಟ್ ಅರೇಗೆ ಸಿಸಿಐಎಸ್ಎಸ್ ಆಯ್ಕೆ ಕೊಡಬೇಕು. ಸಾಟಾ ಡಿಸ್ಕ್ ಆದರೆ ಕೆಟ್ಟ ಜಾಗಗಳ ಲೆಕ್ಕ ಹೇಳುವ 5, 197, 198ನೇ ಸಾಲು ನೋಡಿ. ಅವು ಏರುತ್ತಿದ್ದರೆ ಡಿಸ್ಕ್ ಬದಲಿಸಿ. 199 ಏರುತ್ತಿದ್ದರೆ ಮೊದಲು ಕೇಬಲ್, ಕನೆಕ್ಟರ್ ನೋಡಿ. ಲಾಂಗ್ ಟೆಸ್ಟ್ ಇಡೀ ಡಿಸ್ಕ್ ಓದುತ್ತದೆ. ಸೆಕೆಂಡಿಗೆ 150 ಎಂಬಿ ಲೆಕ್ಕದಲ್ಲಿ 4 ಟಿಬಿ ಡಿಸ್ಕ್‌ಗೆ ಏಳೂವರೆ ಗಂಟೆ ಹತ್ತಿರ ಆಗುತ್ತದೆ. ಆದರೆ ಸರ್ವರ್ ಓಡುತ್ತಲೇ ಇರುತ್ತದೆ, ಅದೇ ಇದರ ಲಾಭ.

ಟೆಸ್ಟ್ ಮಾಡುವ ಹೊತ್ತೂ ಮುಖ್ಯ. ಬಹಳ ಆಫೀಸುಗಳಲ್ಲಿ ಸಂಜೆ ಎಸಿ ಬಂದ್ ಮಾಡಿ ಹೋಗುತ್ತಾರೆ. ಮೇ ತಿಂಗಳ ರಾತ್ರಿ ಮುಚ್ಚಿದ ಕೋಣೆಯಲ್ಲಿ ಸರ್ವರ್ ಬೇಯುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ತಂಪಿನಲ್ಲಿ ಟೆಸ್ಟ್ ಮಾಡಿದರೆ ಯಾವ ಕಂಪನಿಯ ಟೆಸ್ಟೂ ಪಾಸ್ ಆಗುತ್ತದೆ. ತೊಂದರೆ ಯಾವ ಹೊತ್ತಿನಲ್ಲಿ ಬರುತ್ತದೋ ಆ ಹೊತ್ತಿನಲ್ಲೇ, ಎಸಿ ಇಲ್ಲದೆಯೇ ಮಾಡಿ.

ಇನ್ನು ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಹಳೇ ಸರ್ವರ್ ಕೊಳ್ಳುವವರಿಗೆ. ಅಂಗಡಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಸಿಗುವುದಿಲ್ಲ. ಅಷ್ಟರಲ್ಲಿ ಟೆಸ್ಟ್‌ಗಿಂತ ಲಾಗ್ ಜಾಸ್ತಿ ಹೇಳುತ್ತದೆ. ಸಿಸ್ಟಮ್ ಈವೆಂಟ್ ಲಾಗನ್ನು ಯಾರು ಬೇಕಾದರೂ ಅಳಿಸಬಹುದು. ಅಳಿಸಿದ್ದರೆ ‘ಲಾಗ್ ಕ್ಲಿಯರ್ಡ್’ ಅನ್ನುವ ಸಾಲು, ತಾರೀಕು ಉಳಿದಿರುತ್ತದೆ. ಆ ತಾರೀಕು ಇತ್ತೀಚಿನದ್ದಾದರೆ ಯಾಕೆ ಅಂತ ಕೇಳಿ. ಡೆಲ್‌ನ ಲೈಫ್‌ಸೈಕಲ್ ಲಾಗ್ ಮಾತ್ರ ಹಾಗೆ ಒಂದು ಬಟನ್ ಒತ್ತಿ ಅಳಿಸುವಂಥದ್ದಲ್ಲ. ಅದಕ್ಕೆ ಬೇರೆಯೇ ಸಿಸ್ಟಮ್ ಇರೇಸ್ ಕಮಾಂಡ್ ಬೇಕು. ಹಾಗಾಗಿ ಹಿಂದಿನ ಮಾಲೀಕರ ಕಾಲದ ಮೆಮೊರಿ ಎರರ್, ಪವರ್ ಸಪ್ಲೈ ಬದಲಿಸಿದ್ದು, ಫ್ಯಾನ್ ಕೆಟ್ಟದ್ದು ಎಷ್ಟೋ ಸಲ ಅದರಲ್ಲಿ ಹಾಗೇ ಸಿಗುತ್ತದೆ. ಒಂದೇ ಬೆಲೆಗೆ ಒಂದೇ ಥರದ ಎರಡು ಯಂತ್ರ ಎದುರಿಗಿದ್ದರೆ, ಈ ಒಂದು ಕಾರಣಕ್ಕೆ ಹಳೇ ಯಂತ್ರದ ಮಟ್ಟಿಗೆ ನಾನು ಡೆಲ್ ಕಡೆ ವಾಲುತ್ತೇನೆ. ಆಫೀಸಿನಲ್ಲಿ ದಿನವೂ ಓಡುವ, ನಿಲ್ಲಿಸಲಾಗದ ಸರ್ವರ್ ಆದರೆ ಎಚ್‌ಪಿಇ.