ಸೈಟ್ ದಾಖಲೆ ಆ್ಯಪ್: ಮೇಸ್ತ್ರಿಯ ಧ್ವನಿಗೆ ಪೂರ್ತಿ ಅಂಕ, ಎಕ್ಸ್‌ಪೋರ್ಟ್‌ಗೆ ಸೊನ್ನೆ

ಕಟ್ಟಡದ ಡ್ರಾಯಿಂಗ್ ಮೇಲೆ ಪಿನ್ ಹಾಕಿ ಫೋಟೊ, ಧ್ವನಿ ಸೇರಿಸುವ ಆ್ಯಪ್ ಇದು. ಮೂರನೇ ವರ್ಷದ ಬಳಕೆಯ ಮೇಲೆ ಹೇಳುತ್ತಿರುವ ಮಾತು. ಉಳಿದ ಫೀಚರ್‌ಗಳ ಪಟ್ಟಿ ಜಾಹೀರಾತಿನಲ್ಲೇ ಇದೆ, ಇಲ್ಲಿ ಬೇಡ.

ದಾವಣಗೆರೆ ಸುತ್ತಿನ ಎರೆಮಣ್ಣಿನಲ್ಲಿ ಇದರ ಬೆಲೆ ಗೊತ್ತಾಗುವುದು ಪಾಯ ಅಗೆಯುವಾಗ. ಡ್ರಾಯಿಂಗ್‌ನಲ್ಲಿ ಎಲ್ಲ ಗುಂಡಿಗೂ ಒಂದೇ ಆಳ. ಅಗೆದರೆ ಒಂದು ಮೂಲೆಯಲ್ಲಿ ಐದಡಿಗೇ ಗಟ್ಟಿ ಗರಸು, ಎದುರು ಮೂಲೆಯಲ್ಲಿ ಎಂಟಡಿಗೂ ಇಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಇದು. ಯಾವ ಗುಂಡಿ ಎಲ್ಲಿಗೆ ನಿಂತಿತು ಎನ್ನುವುದು ಮುಂದೆ ಗೋಡೆ ಸೀಳಿದಾಗ, ಮೇಲೊಂದು ಮಹಡಿ ಏರಿಸಬೇಕೆಂದಾಗ ಬೇಕೇ ಬೇಕು. ಅಷ್ಟರಲ್ಲಿ ಸೈಟ್ ಇಂಜಿನಿಯರ್ ಬೇರೆ ಕಂಪನಿಗೆ ಹೋಗಿರುತ್ತಾರೆ.

ಗುಂಡಿಯ ತಳಕ್ಕೆ ಬೆಡ್ ಕಾಂಕ್ರೀಟ್ ಹಾಕುವ ಮುಂಚೆ ಮಾಡುವ ಕೆಲಸ ಇಷ್ಟೇ: ಸ್ಲೇಟಿನ ಮೇಲೆ ಗ್ರಿಡ್ ಸಂಖ್ಯೆ (ಡ್ರಾಯಿಂಗ್‌ನಲ್ಲಿ ಆ ಗುಂಡಿಯ ಗುರುತು), ದಿನಾಂಕ. ಗುಂಡಿಯೊಳಗೆ ಟೇಪ್ ಇಳಿಬಿಟ್ಟು ಹತ್ತಿರದಿಂದ ಒಂದು ಫೋಟೊ, ದೂರದಿಂದ ಒಂದು. ಆಮೇಲೆ ಮೊಬೈಲ್ ಮೇಸ್ತ್ರಿಯ ಕೈಗೆ. “ಸಾರ್, ಸಿ-4ರಾಗ ಹಳೇ ಗುಂಡಿ ಮುಚ್ಚಿದ ಮಣ್ಣು ಸಿಕ್ತು, ಗರಸು ಬರೋ ತನಕ ಇನ್ನೂ ಎರಡಡಿ ತೋಡ್ಸೇವಿ.” ರಿಜಿಸ್ಟರ್‌ನಲ್ಲಿ ಆಳ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಬರೆಯಲು ಹಿಂಜರಿಯುವ ಮೇಸ್ತ್ರಿ ಕಾರಣವನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಯಾರು ಒಪ್ಪಿಗೆ ಕೊಟ್ಟರು ಎನ್ನುವುದನ್ನೂ ಹೇಳಿಸಬೇಕು.

ಕಾಂಕ್ರೀಟಿನ ಬಲ ನೋಡುವ ಕ್ಯೂಬ್ ಟೆಸ್ಟಿನ 7 ಮತ್ತು 28 ದಿನದ ನೆನಪೋಲೆ ಚೆನ್ನಾಗಿದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000 ಪ್ರಕಾರ 16ರಿಂದ 30 ಘನ ಮೀಟರ್ ಕಾಂಕ್ರೀಟಿಗೆ 3 ಸ್ಯಾಂಪಲ್, 28 ದಿನದ ಟೆಸ್ಟಿಗೆ ಸ್ಯಾಂಪಲ್‌ಗೆ 3 ಕ್ಯೂಬ್. ಲ್ಯಾಬ್ ವರದಿ ಬಂದಾಗ ಅದು ಯಾವ ಸ್ಲ್ಯಾಬಿನದು ಎಂದು ಹುಡುಕುವ ಕೆಲಸ ತಪ್ಪಿದೆ.

ಸಿಟ್ಟು ಬರುವುದು ಕಾಮಗಾರಿ ಮುಗಿದ ಮೇಲೆ. ಚಂದಾ ತಿಂಗಳ ಲೆಕ್ಕ, ಅದೂ ತಲೆಗಿಷ್ಟು. ಮುಗಿದ ಕೆಲಸಕ್ಕೆ ಸಣ್ಣ ಗುತ್ತಿಗೆದಾರ ವರ್ಷಗಟ್ಟಲೆ ಕಟ್ಟಲಾರ. ದಾಖಲೆ ಹೊರತೆಗೆಯಲು ಎಕ್ಸ್‌ಪೋರ್ಟ್ ಒತ್ತಿದರೆ ಬರುವುದು ಬರೀ ಕ್ರಮಸಂಖ್ಯೆಯ ಹೆಸರಿರುವ ಫೋಟೊಗಳ ರಾಶಿ. ಧ್ವನಿ ಇನ್ನೊಂದು ಫೋಲ್ಡರ್‌ನಲ್ಲಿ. ಯಾವ ಮಾತು ಯಾವ ಗುಂಡಿಯದು? ಪಿನ್‌ಗಳೇ ಮಾಯ. ಪಿಡಿಎಫ್‌ನಲ್ಲಿ ಫೋಟೊ ಎಷ್ಟು ಕುಗ್ಗಿರುತ್ತದೆಂದರೆ ಟೇಪಿನ ಅಂಕಿ ಓದಲಾಗದು. ದಾಖಲೆ ಉಳಿಸಲೆಂದೇ ಮಾಡಿದ ಆ್ಯಪ್ ಹೀಗೆ ಕೈಕೊಡುವುದನ್ನು ಒಪ್ಪಲಾಗದು.

ಸದ್ಯದ ದಾರಿ: ಪ್ರತಿ ಶನಿವಾರ ಇಳಿಸಿಕೊಂಡು ಫೈಲಿಗೆ ಹೆಸರು ಕೊಡುವುದು. ಮೊದಲು ಗ್ರಿಡ್, ನಂತರ ಕೆಲಸ, ಕೊನೆಗೆ 2025-03-14ರಂತೆ ವರ್ಷ ಮುಂದಿಟ್ಟ ದಿನಾಂಕ; ಹೀಗಿದ್ದರೆ ಗುಂಡಿವಾರು, ದಿನವಾರು ತಾನಾಗಿ ಸಾಲುಗೂಡುತ್ತದೆ. ಎಕ್ಸೆಲ್‌ನಲ್ಲಿ ಫೈಲ್ ಹೆಸರು, ಆಳ, ಕಾರಣ ಒಂದು ಸಾಲು. ಧ್ವನಿಯನ್ನು ವಾಯ್ಸ್ ಟೈಪಿಂಗ್‌ನಿಂದ ಬರಹಕ್ಕಿಳಿಸಿದರೆ ಅಂಕಿಗಳನ್ನು ಕೇಳಿ ತಿದ್ದಲೇಬೇಕು. ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಹಾರ್ಡ್ ಡಿಸ್ಕ್‌ನಲ್ಲಿ ಬೇರೆ ಕಡೆ.

ಆಸ್ಪತ್ರೆ, ಅಪಾರ್ಟ್‌ಮೆಂಟ್ ಮಟ್ಟದ ಕೆಲಸವಿದ್ದರೆ ತಗೊಳ್ಳಿ. ಒಂದೆರಡು ಮನೆ ಕಟ್ಟುವವರಿಗೆ ಸ್ಲೇಟು, ಮೊಬೈಲ್, ಎಕ್ಸೆಲ್ ಸಾಕು. ತಗೊಳ್ಳುವ ಮುಂಚೆ ಟ್ರಯಲ್‌ನಲ್ಲೇ ಹತ್ತು ಫೋಟೊ, ಎರಡು ಧ್ವನಿ ಹಾಕಿ ಎಕ್ಸ್‌ಪೋರ್ಟ್ ಮಾಡಿ, ಇಂಟರ್ನೆಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಫೋಟೊ ಪಕ್ಕ ಗ್ರಿಡ್ ಸಂಖ್ಯೆ ಕಾಣದಿದ್ದರೆ ಚಂದಾ ಕಟ್ಟಬೇಡಿ.