ಸೈಕಲ್‌ಗೆ ಹಿಂದೆ ನೋಡುವ ಕನ್ನಡಿ ತಗೊಳ್ಳುವವರು ಓದಿ, ಹಾಸನದವರು ಖಂಡಿತ ಓದಿ

ಮೊದಲು ವಿಷಯ ಹೇಳಿಬಿಡುತ್ತೇನೆ, ನನ್ನ ಗೋಳು ಆಮೇಲೆ. ಕನ್ನಡಕದ ಕಡ್ಡಿಗೋ ಹೆಲ್ಮೆಟ್ಟಿಗೋ ಸಿಕ್ಕಿಸಿಕೊಳ್ಳುವ ಪುಟ್ಟ ಕನ್ನಡಿ ಬರುತ್ತದಲ್ಲ, ಹಿಂದೆ ಬರುವ ಗಾಡಿ ನೋಡುವುದಕ್ಕೆ? ಅದನ್ನು ತಗೊಳ್ಳುವ ಮುಂಚೆ ಎಡಗಡೆಯದೋ ಬಲಗಡೆಯದೋ ನೋಡಿ. ನೋಡಿ ಅಂದರೆ ಅಂಗಡಿಯವರನ್ನು ಕೇಳಿ ಅಂತಲ್ಲ. ನೀವೇ ಪ್ಯಾಕೆಟ್ ಬಿಚ್ಚಿಸಿ, ನೀವೇ ಸಿಕ್ಕಿಸಿಕೊಂಡು, ತಲೆ ಜೋರಾಗಿ ಅಲ್ಲಾಡಿಸಿ ನೋಡಿ. ಕೇಳಿದರೆ ಏನು ಉತ್ತರ ಬರುತ್ತದೆ ಅಂತ ನನಗೆ ಈಗ ಚೆನ್ನಾಗಿ ಗೊತ್ತು. "ಎರಡೂ ಕಡೆಗೆ ಆಗುತ್ತೆ ಅಕ್ಕ."

ಆಗಲ್ಲ. ಎರಡೂ ಕಡೆಗೆ ಆಗಲ್ಲ.

ನಾನು ಆಫೀಸಿಗೆ ಸೈಕಲ್‌ನಲ್ಲೇ ಹೋಗುತ್ತೇನೆ. ಸಾಲಗಾಮೆ ರಸ್ತೆ ಕಡೆಯಿಂದ ಬಂದು ಬಿ.ಎಂ. ರಸ್ತೆ ಹಿಡಿಯಬೇಕು. ಬೆಳಗ್ಗೆ ಆಫೀಸು, ಕಾಲೇಜು ಹೊತ್ತಿಗೆ ಎನ್.ಆರ್. ಸರ್ಕಲ್ ಹೇಗಿರುತ್ತದೆ ಅಂತ ಊರಿನವರಿಗೆ ಹೇಳಬೇಕಿಲ್ಲ. ಆಟೋ, ಹುಡುಗರ ಬೈಕು, ಸ್ಕೂಲ್ ವ್ಯಾನು, ಶುಂಠಿ ಮೂಟೆ ತುಂಬಿದ ಗಾಡಿ, ಎಲ್ಲವೂ ನಮ್ಮ ಬಲಗೈ ಸವರಿಕೊಂಡೇ ಹೋಗುತ್ತವೆ. ನಿಂತಿರುವ ಆಟೋ ದಾಟಬೇಕಾದರೆ ಹಿಂದೆ ನೋಡಲೇಬೇಕು. ಕತ್ತು ತಿರುಗಿಸಿದರೆ ಹ್ಯಾಂಡಲ್ಲೂ ಗೊತ್ತಿಲ್ಲದಂತೆ ಆ ಕಡೆಗೇ ಎಳೆಯುತ್ತದೆ. ಸೈಕಲ್ ಹೊಡೆಯುವ ಎಲ್ಲರಿಗೂ ಇದು ಗೊತ್ತು. ಅದಕ್ಕೇ ಕನ್ನಡಿ ಬೇಕು ಅನ್ನಿಸಿದ್ದು.

ಹ್ಯಾಂಡಲ್‌ಗೆ ಹಾಕುವ ಕನ್ನಡಿ ಮೊದಲು ಇತ್ತು. ನಮ್ಮ ರಸ್ತೆ ಗುಂಡಿಗೆ ಅದು ನಡುಗುವ ರಭಸಕ್ಕೆ ಹಿಂದೆ ಬರುತ್ತಿರುವುದು ಲಾರಿಯೋ ಎಮ್ಮೆಯೋ ಗೊತ್ತಾಗುತ್ತಿರಲಿಲ್ಲ. ತಲೆಗೆ ಹಾಕುವುದು ಅಷ್ಟು ನಡುಗುವುದಿಲ್ಲ. ಕತ್ತು ಚೂರು ಹೊರಳಿಸಿದರೆ ಅದೂ ಹೊರಳುತ್ತದೆ. ಬೆರಳಗಲ ಇದ್ದರೂ ಕಣ್ಣಿಗೆ ಹತ್ತಿರ ಇರುವುದರಿಂದ ಸಾಕಷ್ಟು ಕಾಣುತ್ತದೆ. ಇದೆಲ್ಲ ನಿಜ. ಇಂಥ ಕನ್ನಡಿಗಳ ಮೇಲೆ ನನಗೆ ಕೋಪ ಇಲ್ಲ. ಮಾರಿದವರ ಮೇಲೆ ಕೋಪ.

ಹಾಸನಾಂಬೆ ಬಾಗಿಲು ತೆಗೆಯುವ ದಿನ ಹತ್ತಿರ ಬಂದಿತ್ತು. ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಆದಮೇಲಿನ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿ ಕಳೆಯುವವರೆಗೂ ಊರು ನಮ್ಮದಲ್ಲ. ಎಲ್ಲೆಲ್ಲಿಂದಲೋ ಕಾರು, ಟೆಂಪೋ ಟ್ರಾವೆಲರ್ ಬರುತ್ತವೆ. ಡ್ರೈವರ್‌ಗಳಿಗೆ ದಾರಿ ಗೊತ್ತಿರಲ್ಲ, ಇದ್ದಕ್ಕಿದ್ದಂತೆ ತಿರುಗಿಸುತ್ತಾರೆ. ಅಷ್ಟರೊಳಗೆ ಕನ್ನಡಿ ಹಾಕಿಸಿಕೊಳ್ಳೋಣ ಅಂತ ಹೋದೆ. ಆನ್‌ಲೈನ್ ಬೇಡ, ಊರಿನ ಅಂಗಡಿಗೇ ವ್ಯಾಪಾರ ಆಗಲಿ ಅಂತ ಹೋದೆ. ಹೌದು, ಊರಿನವರಿಗೇ ಆಗಲಿ ಅಂತ!

ಅಂಗಡಿಯವರು ತುಂಬಾ ಮರ್ಯಾದೆಯಿಂದ ಮಾತಾಡಿಸಿದರು. "ಬನ್ನಿ ಅಕ್ಕ, ಕೂತ್ಕೊಳ್ಳಿ" ಅಂದರು. ಹುಡುಗನ ಕೈಲಿ ಪ್ಯಾಕೆಟ್ ತರಿಸಿದರು. ಮುಂಭಾಗದಲ್ಲಿ ದೊಡ್ಡ ಬಿಳಿ ಸ್ಟಿಕ್ಕರ್, ಅದರಲ್ಲಿ 650 ರೂಪಾಯಿ. "ನಿಮಗೆ 550 ಮಾಡ್ಕೊಡ್ತೀನಿ." ಬಲಗಡೆಗೆ ಬೇಕು ಅಂತ ಬಾಯಿ ಬಿಟ್ಟು ಹೇಳಿದೆ. "ಆಗುತ್ತೆ ಅಕ್ಕ, ಎರಡೂ ಕಡೆಗೆ ಆಗುತ್ತೆ" ಅಂತ ತಾವೇ ಬಿಚ್ಚಿ, ತಾವೇ ನನ್ನ ಕನ್ನಡಕಕ್ಕೆ ಸಿಕ್ಕಿಸಿ, ಅದೇನೋ ತಿರುಚಿ, ಬಿಗಿ ಮಾಡಿ ಕೊಟ್ಟರು. ಹಾಕಿಕೊಂಡು ನಿಂತರೆ ಹಿಂದಿನ ಗೋಡೆಯ ಟೈರುಗಳೆಲ್ಲ ಕಾಣಿಸಿದವು. ಚೆನ್ನಾಗಿದೆ ಅನ್ನಿಸಿತು. ಅಂಗಡಿಯೊಳಗೆ ನಿಂತುಕೊಂಡು ನೋಡಿದರೆ ಯಾವುದು ತಾನೇ ಚೆನ್ನಾಗಿರಲ್ಲ?

ಬಿಲ್ ಕೇಳಿದೆ. "ಬಿಲ್ ಹಾಕಿದ್ರೆ ಟ್ಯಾಕ್ಸ್ ಸೇರುತ್ತೆ ಅಕ್ಕ, ಸುಮ್ನೆ ಯಾಕೆ ನಿಮಗೆ ಜಾಸ್ತಿ?" ಫೋನಲ್ಲಿ ದುಡ್ಡು ಹಾಕಿ ಬಂದೆ.

ರಸ್ತೆಗೆ ಇಳಿದ ಮೇಲೆ ಶುರುವಾಯಿತು. ಒಂದು ಹಂಪ್ ದಾಟಿದರೆ ಕನ್ನಡಿ ತಲೆ ಬಗ್ಗಿಸುತ್ತದೆ. ನಿಲ್ಲಿಸಿ ಸರಿ ಮಾಡಿಕೊಳ್ಳಬೇಕು. ಇನ್ನೊಂದು ಹಂಪ್, ಮತ್ತೆ ನನ್ನ ಭುಜ ಕಾಣಿಸುತ್ತದೆ. ಸರಿ ಮಾಡಿದರೆ ಆಕಾಶ. ಮತ್ತೆ ಭುಜ. ಹೊಸದಲ್ವಾ, ಸ್ವಲ್ಪ ದಿನಕ್ಕೆ ಬಿಗಿಯಾಗಬಹುದು ಅಂತ ತಿರುಪು ಬಿಗಿ ಮಾಡಿಕೊಂಡು ಓಡಾಡಿದೆ.

ಇನ್ನೊಂದು ತೊಂದರೆ ಇತ್ತು, ಅದು ಗೊತ್ತಾಗುವುದಕ್ಕೆ ಸಮಯ ಹಿಡಿಯಿತು. ಕನ್ನಡಿ ಉಬ್ಬು. ಉಬ್ಬು ಕನ್ನಡಿಯಲ್ಲಿ ಅಗಲ ಜಾಸ್ತಿ ಕಾಣುತ್ತದೆ, ಆದರೆ ಗಾಡಿ ಇರುವುದಕ್ಕಿಂತ ಚಿಕ್ಕದಾಗಿ, ದೂರದಲ್ಲಿ ಇರುವ ಹಾಗೆ ಕಾಣುತ್ತದೆ. ಕಾರಿನ ಕನ್ನಡಿಯ ಮೇಲೆ ಅದಕ್ಕೇ ಎಚ್ಚರಿಕೆ ಬರೆದಿರುತ್ತಾರೆ. ಕಾರಿನ ಅಷ್ಟು ದೊಡ್ಡ ಕನ್ನಡಿಯಲ್ಲೇ ಹಾಗಾದರೆ ಬೆರಳಗಲದ ಕನ್ನಡಿಯಲ್ಲಿ ಹೇಗಿರಬೇಡ? ಬಸ್ಸು ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಕಣ್ಣಿನ ಹತ್ತಿರ ಹಾಕುವುದು ಸಪಾಟು ಕನ್ನಡಿಯೇ ಆಗಿರಬೇಕು. ಇದನ್ನೂ ಕೇಳಿದ್ದೆ. "ವೈಡ್ ಆಂಗಲ್ ಅಕ್ಕ, ಅದೇ ಒಳ್ಳೇದು" ಅಂದಿದ್ದರು.

ಬಿದ್ದ ದಿನದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಬಿ.ಎಂ. ರಸ್ತೆಯಲ್ಲಿ ಒಂದು ಗೂಡ್ಸ್ ಆಟೋ ನಿಂತಿತ್ತು. ಕನ್ನಡಿ ನೋಡಿದೆ, ಬಸ್ಸು ದೂರದಲ್ಲಿದೆ ಅಂತ ಕಂಡಿತು. ಬಲಕ್ಕೆ ತಗೊಂಡೆ. ಮತ್ತೆ ನೋಡುವಷ್ಟರಲ್ಲಿ ಕನ್ನಡಿ ಜಾರಿ ನನ್ನ ಕೆನ್ನೆ ತೋರಿಸುತ್ತಿತ್ತು, ಬಸ್ಸಿನ ಹಾರ್ನ್ ಕಿವಿಯೊಳಗೇ ಹೊಡೆಯಿತು. ಎಡಕ್ಕೆ ಎಳೆದು ಆಟೋದ ಹಿಂಭಾಗಕ್ಕೆ ತಗುಲಿ ಬಿದ್ದೆ. ಮೊಣಕೈ ತರಚಿತು, ಪುಣ್ಯ, ಅಷ್ಟಕ್ಕೇ ಹೋಯಿತು. ಜನ ಓಡಿ ಬಂದು ಎತ್ತಿದರು. ಒಬ್ಬ ಹುಡುಗ, "ಆಂಟಿ, ಕಿವಿ ಹತ್ರ ಏನೋ ನೇತಾಡ್ತಿದೆ" ಅಂದ. ಎಲ್ಲರೂ ನೋಡಿದರು. ಯಾರೋ ನಕ್ಕರು. ಆ ಕನ್ನಡಿಯನ್ನು ಅಲ್ಲೇ ಕಿತ್ತು ಬ್ಯಾಗಿಗೆ ಹಾಕಿಕೊಂಡೆ.

ಅಸಲಿ ವಿಷಯ ಗೊತ್ತಾಗಿದ್ದು ಅವತ್ತು ರಾತ್ರಿ. ಮಗಳು ಖಾಲಿ ಪ್ಯಾಕೆಟ್ ತಿರುಗಿಸಿ ನೋಡುತ್ತಾ, "ಅಮ್ಮ, ಈ ಸ್ಟಿಕ್ಕರ್ ಕೆಳಗೆ ಇನ್ನೊಂದು ಇದೆ" ಅಂದಳು. ಕೊಬ್ಬರಿ ಎಣ್ಣೆ ಸವರಿ ನಿಧಾನಕ್ಕೆ ಬಿಡಿಸಿದೆವು. ಕೆಳಗೆ ಅಚ್ಚಾಗಿದ್ದ ಬೆಲೆ 249 ರೂಪಾಯಿ. ಅದರ ಪಕ್ಕದಲ್ಲಿ ಒಬ್ಬ ವಿದೇಶಿಯ ಮುಖದ ಚಿತ್ರ, ಕನ್ನಡಿ ಇರುವುದು ಅವನ ಎಡಗಣ್ಣಿನ ಹತ್ತಿರ. ಮೇಲೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿದೆ, ಎಡಗಡೆಗೆ ಮಾತ್ರ. ಮಾತ್ರ! ಬೆಲೆಯನ್ನೂ ಈ ಸಾಲನ್ನೂ ಒಂದೇ ಸ್ಟಿಕ್ಕರ್‌ನಲ್ಲಿ ಮುಚ್ಚಿದ್ದಾರೆ.

ಅಮೆರಿಕ, ಜರ್ಮನಿ, ಫ್ರಾನ್ಸ್ ಕಡೆಯಲ್ಲಿ ರಸ್ತೆಯ ಬಲಗಡೆ ಓಡಿಸುತ್ತಾರೆ. ಅವರನ್ನು ಗಾಡಿಗಳು ದಾಟುವುದು ಎಡದಿಂದ. ಹಾಗಾಗಿ ಅವರಿಗೆ ಕನ್ನಡಿ ಎಡಕ್ಕೆ ಬೇಕು. ನಾವು ಓಡಿಸುವುದು ಎಡಗಡೆ, ನಮ್ಮನ್ನು ದಾಟುವುದು ಬಲದಿಂದ. ಇದನ್ನು ಹೇಗೆ ಮಾಡಿದ್ದಾರೋ ಹಾಗೇ ಎಡಗಡೆ ಹಾಕಿಕೊಂಡರೆ ಕಾಣುವುದು ಚರಂಡಿ ಮತ್ತು ಬೇಕರಿ ಸಾಲು. ಬಲಕ್ಕೆ ಬೇಕಾದರೆ ತಲೆಕೆಳಗು ಮಾಡಿ ಹಾಕಬೇಕು, ಆಗ ಭಾರವೆಲ್ಲ ತಪ್ಪು ಕಡೆಗೆ ಬಿದ್ದು ಕೀಲು ಜಾರುತ್ತದೆ. ಅಂಗಡಿಯಲ್ಲಿ ಅವರು "ಅದೇನೋ ತಿರುಚಿ" ಕೊಟ್ಟರು ಅಂದೆನಲ್ಲ, ಅದೇ ಇದು. ನನ್ನ ಮುಖಕ್ಕೆ ಕೈಯಾರೆ ಸಿಕ್ಕಿಸಿ, ಮುಗುಳ್ನಕ್ಕು, "ಸೂಪರ್ ಅಕ್ಕ" ಅಂದಿದ್ದರು. ಗೊತ್ತಿದ್ದೇ ಮಾಡಿದ್ದು. ಎರಡು ಕಡೆಗೂ ಹಾಕಬಹುದಾದ ಕನ್ನಡಿಗಳೂ ಇರುತ್ತವೆ, ತಂತಿ ಬಗ್ಗಿಸುವಂಥವು. ಇದು ಅದಲ್ಲ.

ಮಾರನೇ ದಿನ ಹೋದೆ. ಇನ್ನು ಬಹುವಚನ ಸಾಕು.

"ಅಕ್ಕ, ಎಲ್ಲರೂ ಹಾಗೇ ಹಾಕ್ಕೊಳ್ತಾರೆ, ಯಾರೂ ಕಂಪ್ಲೇಂಟ್ ಹೇಳಿಲ್ಲ" ಅಂದ ಮೊದಲು.

ಪ್ಯಾಕೆಟ್ ತೋರಿಸಿದೆ. "ಸ್ಟಿಕ್ಕರ್ ಡೀಲರ್ ಹತ್ರಾನೇ ಹಾಗೆ ಬಂದಿದ್ದು, ನಮಗೇನು ಗೊತ್ತು?"

ಆಮೇಲೆ ಕೆಲಸದ ಹುಡುಗನ ಕಡೆ ತಿರುಗಿ, "ನಿಮ್ಮ ಕನ್ನಡಕದ ಕಡ್ಡಿ ತೆಳು ಅಕ್ಕ, ಅದಕ್ಕೇ ಜಾರುತ್ತೆ." ನನಗೆ ಹೇಳುವುದನ್ನು ಹುಡುಗನ ಮುಖ ನೋಡಿಕೊಂಡು ಹೇಳಿದ!

ದುಡ್ಡು ವಾಪಸ್ ಕೊಡಿ ಅಂದೆ. ಗೋಡೆಯ ಮೇಲಿನ ಬೋರ್ಡಿಗೆ ಬೆರಳು ತೋರಿಸಿದ. ಮಾರಿದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ. "ಬಿಲ್ ಇದ್ರೆ ತನ್ನಿ, ನೋಡೋಣ." ಬಿಲ್ ಕೊಡದವನು ಬಿಲ್ ತನ್ನಿ ಅನ್ನುತ್ತಾನೆ! ಬಿಲ್ ತನ್ನಿ ಅಂತೆ! ನನಗೆ ಮಾತೇ ಹೊರಡಲಿಲ್ಲ.

ಕೊನೆಗೆ ಬಂದ ಮಾತು ಕೇಳಿ. "ಈ ವಯಸ್ಸಲ್ಲಿ ಸೈಕಲ್ ಯಾಕೆ ಅಕ್ಕ, ಒಂದು ಸ್ಕೂಟಿ ತಗೊಂಡುಬಿಡಿ. ಅದಕ್ಕೆ ಕನ್ನಡಿ ಜೊತೇಲೇ ಬರುತ್ತೆ." ಪಕ್ಕದಲ್ಲಿ ಟ್ಯೂಬ್ ಹಾಕಿಸುತ್ತಿದ್ದವರು ನಕ್ಕರು. ನಿನ್ನೆ ರಸ್ತೆಯಲ್ಲಿ ನಕ್ಕಿದ್ದು ಸಾಲದು ಅಂತ ಇದೂ ಆಯಿತು.

ಮನೆಗೆ ಬಂದು ಫೋನಿನಲ್ಲಿ ಮೆಸೇಜ್ ಹಾಕಿದೆ, ಎರಡೂ ಸ್ಟಿಕ್ಕರ್ ಫೋಟೋ ಸಮೇತ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಮತ್ತೆ ಹಾಕಿದೆ. ಕೈ ಮುಗಿಯುವ ಚಿತ್ರ ಒಂದು ಬಂತು. ಏನು ಅರ್ಥ ಅದಕ್ಕೆ? ಕ್ಷಮೆಯೋ, ಹೋಗಿ ಬನ್ನಿ ಅಂತಲೋ?

ಆಮೇಲೆ 1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದೂರು ಬರೆದುಕೊಂಡು ನಂಬರ್ ಕೊಟ್ಟರು. ಆ ಬೋರ್ಡಿಗೆ ಹೆದರಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ ತಪ್ಪು, ಕೆಟ್ಟ ಸಾಮಾನು ವಾಪಸ್ ತಗೊಳ್ಳದಿರುವುದೂ ತಪ್ಪು. ಬಿಲ್‌ನಲ್ಲಿ ಇಷ್ಟು ದಿನ ಅಂತ ಬರೆದಿರದಿದ್ದರೆ 30 ದಿನದ ಲೆಕ್ಕ. ಅಚ್ಚಾದ ಬೆಲೆಯ ಮೇಲೆ ಜಾಸ್ತಿ ಬೆಲೆಯ ಸ್ಟಿಕ್ಕರ್ ಅಂಟಿಸುವಂತಿಲ್ಲ, ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆ ಇದೆ, ನಮ್ಮ ತೂಕ ಅಳತೆಯವರು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೂ 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕ ಇಲ್ಲ. 550 ರೂಪಾಯಿಗೆ ಇಷ್ಟೆಲ್ಲಾ ಯಾಕೆ ಅಂತ ನಮ್ಮನೆಯವರೂ ಕೇಳಿದರು. 550ಕ್ಕಲ್ಲ. ಬಸ್ಸಿನ ಕೆಳಗೆ ಹೋಗಿದ್ದರೆ ಅವನು "ಕನ್ನಡಕದ ಕಡ್ಡಿ ತೆಳು" ಅಂತಲೇ ಹೇಳುತ್ತಿದ್ದ, ಅದಕ್ಕೆ.

ದೂರು ಹೋದ ಮೇಲೆ ಮರ್ಯಾದೆ ವಾಪಸ್ ಬಂತು. "ಅಕ್ಕ, ನಮ್ಮ ಊರಿನವರೇ ಹಿಂಗೆ ಮಾಡಿದ್ರೆ ಹೇಗೆ? ಬೇರೆ ಪೀಸ್ ಕೊಡ್ತೀನಿ, ಕಂಪ್ಲೇಂಟ್ ವಾಪಸ್ ತಗೊಳ್ಳಿ." ಫೋಟೋನೂ ಕಳಿಸಿದ. ಅದೇ ಕಂಪನಿ, ಅದೇ ಪ್ಯಾಕೆಟ್, ಅದೇ ಜಾಗದಲ್ಲಿ ಬಿಳಿ ಸ್ಟಿಕ್ಕರ್. ದುಡ್ಡೇ ಬೇಕು ಅಂದೆ. ಇನ್ನೂ ಬಂದಿಲ್ಲ, ದೂರೂ ವಾಪಸ್ ತಗೊಂಡಿಲ್ಲ.

ನೀವು ತಗೊಳ್ಳುವುದಾದರೆ ಪ್ಯಾಕೆಟ್ ಮೇಲಿನ ಸ್ಟಿಕ್ಕರ್ ಉಗುರಲ್ಲಿ ಕೆರೆದು ನೋಡಿ, ಅವನು ಮುಖ ಸಿಂಡರಿಸಿದರೂ ಪರವಾಗಿಲ್ಲ. ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ. ಬಲಗಡೆಗೆ, ಸಪಾಟು ಕನ್ನಡಿ, ಬಿಲ್ ಸಮೇತ. ಒಳ್ಳೆಯದೇ ಸಿಕ್ಕಿದರೂ ಬಲಕ್ಕೆ ತಿರುಗುವ ಮುಂಚೆ ಒಂದು ಸಲ ಕತ್ತು ತಿರುಗಿಸಿ ನೋಡಿ, ಪಕ್ಕಕ್ಕೇ ಬಂದಿರುವ ಬೈಕು ಯಾವ ಕನ್ನಡಿಯಲ್ಲೂ ಕಾಣಲ್ಲ.

ಅಂಗಡಿ ಹೆಸರು ಇಲ್ಲಿ ಹಾಕುತ್ತಿಲ್ಲ, ದೂರು ನಡೆಯುತ್ತಿದೆ. ಬಲಗಡೆಗೇ ಮಾಡಿರುವ ಕನ್ನಡಿ ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಯಾರಿಗಾದರೂ ಸಿಕ್ಕಿದ್ದರೆ ಎಲ್ಲಿ ಅಂತ ತಿಳಿಸಿ. ಹಾಕಿಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದವರು ಮಾತ್ರ ಹೇಳಿ.