ಸಿಎಸ್‌ಎಸ್ ಪ್ರೊಫೈಲ್: ಹೆಚ್ಚಿನ ನೆರವು ಕೇಳಲು ಎಷ್ಟು ಕೆಲಸಕ್ಕೆ ಬರುತ್ತದೆ?

ಸಿಎಸ್‌ಎಸ್ ಪ್ರೊಫೈಲ್ ಎಂದರೆ ಕಾಲೇಜಿನಿಂದ ಹಣಕಾಸು ನೆರವು ಕೇಳಲು ತುಂಬುವ, ಕಾಲೇಜ್ ಬೋರ್ಡ್ ಸಂಸ್ಥೆಯ ಫಾರಂ. ಅಮೆರಿಕದಲ್ಲಿ ಮಕ್ಕಳನ್ನು ಖಾಸಗಿ ಕಾಲೇಜಿಗೆ ಸೇರಿಸಲು ಹೊರಟವರಿಗೆ ಹಲವು ಕಡೆ ಇದು ತಪ್ಪದು. ಶುಲ್ಕ ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೂ 16. ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ಡಾಲರ್ ದಾಟದಿದ್ದರೆ ಉಚಿತ. ಪ್ರಶ್ನೆಗಳು ಮುಗಿಯುವುದೇ ಇಲ್ಲ ಅನ್ನಿಸುತ್ತದೆ, ನಿಜ. ಆದರೆ ಫಾಫ್ಸಾದಲ್ಲಿ, ಅಂದರೆ ಫೆಡರಲ್ ಸರ್ಕಾರದ ನೆರವಿನ ಅರ್ಜಿಯಲ್ಲಿ, ಇಲ್ಲದ್ದು ಇದರಲ್ಲಿದೆ. ವಿಶೇಷ ಪರಿಸ್ಥಿತಿಯನ್ನು ನಮ್ಮದೇ ಮಾತಿನಲ್ಲಿ ವಿವರಿಸಲು ಜಾಗ ಕೊಟ್ಟಿದ್ದಾರೆ. ಅದನ್ನು ಖಾಲಿ ಬಿಡಬೇಡಿ.

2026–27ರ ನೆರವಿಗೆ ಕಾಲೇಜು ನೋಡುವುದು 2024ರ ಟ್ಯಾಕ್ಸ್ ರಿಟರ್ನ್. ಆ ವರ್ಷ ಮೈಸೂರಿನ ಸೈಟು ಮಾರಿದ್ದರೆ ಲಾಭವೆಲ್ಲ ಆದಾಯದ ಲೆಕ್ಕಕ್ಕೆ ಸೇರುತ್ತದೆ. ಉಳಿದ ಹಣ ಬ್ಯಾಂಕಿನಲ್ಲಿದ್ದರೆ ಆಸ್ತಿಯಾಗಿ ಇನ್ನೊಮ್ಮೆ ಎಣಿಕೆಯಾಗುತ್ತದೆ. ಹಾಗಾಗಿ ಲಾಭ ಎಷ್ಟು, ಅದರಲ್ಲಿ ಸಾಲಕ್ಕೆ ಹೋದದ್ದೆಷ್ಟು, ಈ ಆದಾಯ ಮತ್ತೆ ಬರುವಂಥದ್ದಲ್ಲ ಎಂದು ಅಂಕಿ ಸಮೇತ ಬರೆಯಿರಿ. ಊರಿನಲ್ಲಿರುವ ಅಪ್ಪ ಅಮ್ಮನ ಆಸ್ಪತ್ರೆ ಖರ್ಚಿಗೆ ಕಳಿಸುವ ದುಡ್ಡನ್ನೂ ಇಲ್ಲೇ ಹೇಳಬಹುದು. ಹಣ ಕಳಿಸಿದ ರಸೀದಿಗಳು ಕೈಯಲ್ಲಿರಲಿ.

ಎಡವಟ್ಟಾಗುವುದು ಆಸ್ತಿಯ ಪುಟದಲ್ಲಿ. 401(ಕೆ) ಎಂಬ ನಿವೃತ್ತಿ ಉಳಿತಾಯದ ಮೊತ್ತವನ್ನು ಮಾಮೂಲಿ ಹೂಡಿಕೆಯ ಜೊತೆ ಸೇರಿಸಿಬಿಡುತ್ತಾರೆ. ವಾಸದ ಮನೆಯ ಬೆಲೆಯನ್ನು ಫಾಫ್ಸಾ ಕೇಳುವುದಿಲ್ಲ, ಇದು ಕೇಳುತ್ತದೆ. ಮನೆಯ ಮೇಲಿನ ಎರಡನೇ ಸಾಲವನ್ನು ನಮೂದಿಸಲು ಮರೆತರೆ ಕಾಗದದ ಮೇಲೆ ಸಿರಿವಂತರಾಗುತ್ತೀರಿ, ನೆರವು ಕಡಿಮೆಯಾಗುತ್ತದೆ.

ಇದರ ದೊಡ್ಡ ಕೊರತೆಯೆಂದರೆ, ನೆರವು ಹೆಚ್ಚಿಸಿ ಎಂಬ ಮೇಲ್ಮನವಿಯನ್ನು ಇದರೊಳಗಿಂದ ಸಲ್ಲಿಸಲಾಗದು. ಫಾರಂ ಕಳಿಸಿದ ಮೇಲೆ ಲೇಆಫ್ ಆದರೆ ನೇರವಾಗಿ ಆಯಾ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೇ ಬರೆಯಬೇಕು. ಅಡ್ಮಿಷನ್ ಆಫೀಸಿಗಲ್ಲ. ಒಂದೇ ಪುಟ ಸಾಕು: ಏನಾಯಿತು, ಯಾವ ದಿನಾಂಕ, ಈ ವರ್ಷ ಬರುವ ಅಂದಾಜು ಆದಾಯ, ಎಷ್ಟು ಡಾಲರ್ ಕೊರತೆ. ಕೆಲಸದಿಂದ ತೆಗೆದ ಪತ್ರ, ಕೊನೆಯ ಸಂಬಳದ ಚೀಟಿ, ನಿರುದ್ಯೋಗ ಭತ್ಯೆಯ ಪತ್ರ ಲಗತ್ತಿಸಿ. ಬರೀ "ಫೀಸು ಜಾಸ್ತಿ, ಕಷ್ಟವಾಗುತ್ತಿದೆ" ಎಂದರೆ ಅಧಿಕಾರಿಗೆ ಲೆಕ್ಕ ಬದಲಿಸಲು ಆಧಾರವೇ ಸಿಗದು. ಇಷ್ಟು ಬರೆಯಲು ಕನ್ಸಲ್ಟೆಂಟ್‌ಗೆ ದುಡ್ಡು ಸುರಿಯುವ ಅಗತ್ಯವಂತೂ ಖಂಡಿತ ಇಲ್ಲ.

ಇನ್ನೊಂದು ಕಾಲೇಜಿನ ಆಫರ್ ತೋರಿಸಿ ಕೇಳುವುದಾದರೆ ನೆರವಿನ ಲೆಕ್ಕದಿಂದ ಸಾಲ ಮತ್ತು ವರ್ಕ್‌ಸ್ಟಡಿ (ಓದುತ್ತಲೇ ಕೆಲಸ ಮಾಡಿ ಗಳಿಸುವ ಹಣ) ಎರಡನ್ನೂ ತೆಗೆದು, ಕೈಯಿಂದ ಕಟ್ಟಬೇಕಾದ ಮೊತ್ತವನ್ನಷ್ಟೇ ಹೋಲಿಸಿ. ಬಹಳಷ್ಟು ಕಾಲೇಜುಗಳಿಗೆ ಮೇ 1ರೊಳಗೆ ಡೆಪಾಸಿಟ್ ಕಟ್ಟಬೇಕು. ಉತ್ತರಕ್ಕೆ ವಾರಗಳೇ ಹಿಡಿಯಬಹುದು, ಆದ್ದರಿಂದ ಆಫರ್ ಪತ್ರ ಕೈಸೇರಿದ ವಾರದಲ್ಲೇ ಮನವಿ ಹೋಗಲಿ. ಕಾಲೇಜು ಆಗದು ಎಂದರೆ ಫೆಡರಲ್ ಶಿಕ್ಷಣ ಇಲಾಖೆಗೆ ದೂರು ಕೊಟ್ಟು ಆ ತೀರ್ಮಾನ ಬದಲಿಸಲಾಗದು.